ಗುಡ್ಡ ಹತ್ತಬೇಕೆ? ಗೆಳೆಯರನ್ನು ಕರೆಯಿರಿ

ನವಿಲುತೀರ್ಥದ ಸುತ್ತಮುತ್ತಲಿನ ಊರುಗಳಲ್ಲಿ ಯಾರನ್ನಾದರೂ ಕೇಳಿ ನೋಡಿ, ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇದ್ದೇ ಇರುತ್ತದೆ. ಒಬ್ಬರಿಗೆ ತಂಬಾಕು ಬಿಡಬೇಕು. ಇನ್ನೊಬ್ಬರಿಗೆ ಮಗಳ ಮದುವೆಯ ಹೊತ್ತಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಮತ್ತೊಬ್ಬರಿಗೆ ಬರುವ ಭಾರತ ಹುಣ್ಣಿಮೆಗೆ ಬಸ್ಸು ಹತ್ತದೆ, ಸವದತ್ತಿಯಿಂದ ಯಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲೇ ಹೋಗಬೇಕು. ದಾರಿ ಸುಮಾರು 5 ಕಿಲೋಮೀಟರ್. ಹರೆಯದವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಮೊಣಕಾಲು ನೋವು, ರಕ್ತದೊತ್ತಡ ಇರುವ ಅರವತ್ತರ ಮನುಷ್ಯನಿಗೆ ಅದು ವರ್ಷದ ಕನಸೇ ಸರಿ.

ಇಂಥ ಆಸೆಯನ್ನು ನಾವು ಯಾರಿಗೂ ಹೇಳುವುದಿಲ್ಲ. ಇದೊಂದು ವಿಚಿತ್ರ. ಬಿತ್ತಿಗೆಗೆ, ರಾಶಿಗೆ ಮುಯ್ಯಾಳು ಕರೆಯಲು ನಮಗೆ ನಾಚಿಕೆಯಿಲ್ಲ. ‘ಇಂದು ನನ್ನ ಹೊಲಕ್ಕೆ ನೀ ಬಾ, ನಾಳೆ ನಿನ್ನ ಹೊಲಕ್ಕೆ ನಾ ಬರ್ತೀನಿ’ ಎನ್ನುವುದು ನಮ್ಮ ಹಿರಿಯರ ಕಾಲದ ರೂಢಿ. ಮದುವೆಗೆ ಆಹೇರಿ ಬರೆಸುವಾಗಲೂ ಅದೇ ಲೆಕ್ಕ. ಆದರೆ ‘ದಿನಾ ಬೆಳಿಗ್ಗೆ ನನ್ನ ಜೋಡಿ ಅರ್ಧ ತಾಸು ಅಡ್ಡಾಡಲು ಬಾರಪ್ಪ’ ಎಂದು ಗೆಳೆಯನನ್ನು ಕೇಳಲು ಬಾಯಿ ಬರುವುದಿಲ್ಲ. ‘ಅವನಿಗೇನು ಕೆಲಸ ಇಲ್ಲೇನು?’ ಎಂದು ಅವನ ಪರವಾಗಿ ನಾವೇ ಉತ್ತರ ಕೊಟ್ಟುಕೊಂಡು ಸುಮ್ಮನಾಗುತ್ತೇವೆ.

ಈ ಲೆಕ್ಕ ಹೆಚ್ಚಾಗಿ ತಪ್ಪಾಗಿರುತ್ತದೆ. ಅಮೆರಿಕದ ಫ್ರಾನ್ಸಿಸ್ ಫ್ಲಿನ್ ಮತ್ತು ವೆನೆಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ವಾರಸ್ಯವಾಗಿ ತೋರಿಸಿತು. ಅಪರಿಚಿತರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ಕೆಲಸವನ್ನು ಅವರು ವಿದ್ಯಾರ್ಥಿಗಳಿಗೆ ಕೊಟ್ಟರು. ‘ಐದು ಮಂದಿ ಒಪ್ಪಬೇಕಾದರೆ ಇಪ್ಪತ್ತು ಮಂದಿಯನ್ನಾದರೂ ಕೇಳಬೇಕಾದೀತು’ ಎಂದು ವಿದ್ಯಾರ್ಥಿಗಳು ಅಂದಾಜು ಮಾಡಿದ್ದರು. ಹತ್ತು ಮಂದಿಯನ್ನು ಕೇಳುವಷ್ಟರಲ್ಲೇ ಕೆಲಸ ಮುಗಿದಿತ್ತು. ಗುರುತಿಲ್ಲದವರೇ ಇಷ್ಟು ಒಪ್ಪುವುದಾದರೆ, ನಿಮ್ಮ ಜೊತೆ ಸಾಲಿಗೆ ಹೋದ ಗೆಳೆಯ ಒಪ್ಪಲಿಕ್ಕಿಲ್ಲವೆ?

ಗುಡ್ಡದ ಬಗ್ಗೆಯೇ ಇನ್ನೊಂದು ಪ್ರಯೋಗ ನಡೆದಿದೆ. ಇದೂ 2008ರಲ್ಲಿ ಪ್ರಕಟವಾದದ್ದು. ಒಂದು ದಿಬ್ಬದ ಬುಡದಲ್ಲಿ ಜನರನ್ನು ನಿಲ್ಲಿಸಿ ‘ಏರು ಎಷ್ಟಿದೆ?’ ಎಂದು ಕೇಳಿದರು. ಒಬ್ಬರೇ ನಿಂತವರಿಗೆ ಕಂಡದ್ದಕ್ಕಿಂತ ಗೆಳೆಯನ ಜೊತೆ ನಿಂತವರಿಗೆ ಏರು ಕಡಿಮೆ ಕಂಡಿತು. ಗೆಳೆತನ ಹಳೆಯದಾದಷ್ಟೂ ದಿಬ್ಬ ಇನ್ನಷ್ಟು ತಗ್ಗಾಗಿ ಕಂಡಿತಂತೆ! ಸಣ್ಣ ಪ್ರಯೋಗ, ಇದನ್ನೇ ಹಿಡಿದು ಹೆಚ್ಚು ಹೇಳಬಾರದು. ಆದರೆ ಹುಣ್ಣಿಮೆಗೆ ಗುಂಪು ಕಟ್ಟಿಕೊಂಡು ನಡೆಯುವ ನಮ್ಮ ಭಕ್ತರಿಗೆ ಇದು ಹೊಸ ಸಂಗತಿಯೇನಲ್ಲ.

ಬೊಜ್ಜು ಕರಗಿಸುವ ವಿಷಯದಲ್ಲಿ ಸಾಕ್ಷ್ಯ ಇನ್ನೂ ನೇರವಾಗಿದೆ. 1999ರ ಒಂದು ಅಧ್ಯಯನದಲ್ಲಿ ಕೆಲವರು ಒಬ್ಬೊಬ್ಬರೇ ಸೇರಿದರು, ಕೆಲವರು ಗೆಳೆಯರನ್ನು ಕಟ್ಟಿಕೊಂಡು ಬಂದರು. ಗೆಳೆಯರೊಡನೆ ಬಂದು, ಪರಸ್ಪರ ಬೆಂಬಲದ ತರಬೇತಿಯನ್ನೂ ಪಡೆದವರಲ್ಲಿ ಶೇಕಡಾ 66 ಮಂದಿ ಇಳಿಸಿದ ತೂಕವನ್ನು ತಿಂಗಳುಗಳ ನಂತರವೂ ಹಾಗೆಯೇ ಉಳಿಸಿಕೊಂಡಿದ್ದರು. ಒಂಟಿಯಾಗಿ ಬಂದು ಸಾಧಾರಣ ಚಿಕಿತ್ಸೆ ಪಡೆದವರಲ್ಲಿ ಹಾಗೆ ಉಳಿಸಿಕೊಂಡವರು ಶೇಕಡಾ 24 ಮಾತ್ರ.

ಕನಸು ದೊಡ್ಡದಿದ್ದರೂ ದಾರಿ ಇದೇ. ಮಾಲತಿ ಹೊಳ್ಳ ಅವರ ಹೆಸರು ನಿಮಗೆ ನೆನಪಿರಬಹುದು. ಬೆಂಗಳೂರಿನ ಈ ಕ್ರೀಡಾಪಟುವಿಗೆ ಒಂದು ವರ್ಷದ ಕೂಸಾಗಿದ್ದಾಗ ಪೋಲಿಯೋ ತಗುಲಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಬಾಲ್ಯದ ಬಹುಪಾಲು ಚೆನ್ನೈನ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಅವರು ದೇಶಕ್ಕೆ ಪದಕಗಳನ್ನು ತಂದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ಅಂಗವಿಕಲ ಮಕ್ಕಳಿಗೆ ಒಂದು ಆಸರೆ ಕಟ್ಟಬೇಕೆಂಬ ಆಸೆ ಹುಟ್ಟಿದಾಗ ಅವರು ಒಬ್ಬರೇ ಹೊರಡಲಿಲ್ಲ. ಗೆಳೆಯರನ್ನು ಸೇರಿಸಿಕೊಂಡು ‘ಮಾತೃ ಫೌಂಡೇಶನ್’ ಸ್ಥಾಪಿಸಿದರು. ಯಾರಿಗೂ ಕೈಚಾಚದವರೆಂದೇ ನಾವು ಹೊಗಳುವಂಥ ಛಲಗಾತಿ ಅವರು. ಆದರೂ ಗೆಳೆಯರನ್ನು ಕರೆದರು ಎಂಬುದನ್ನು ಗಮನಿಸಿ.

ಹೇಗೆ ಕೇಳಬೇಕು?

‘ನನಗೆ ಸ್ವಲ್ಪ ಸಹಾಯ ಮಾಡು’ ಎಂದರೆ ಯಾರಿಗೂ ಏನೂ ತಿಳಿಯದು. ‘ಸೋಮವಾರ, ಗುರುವಾರ ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಮುಂದೆ ಬಂದು ಕೂಗು, ಎರಡು ತಿಂಗಳು ಮಾತ್ರ’ ಎನ್ನಿ. ಕೆಲಸ, ದಿನ, ಅವಧಿ ಮೂರೂ ಗೊತ್ತಾದರೆ ಒಪ್ಪುವವನಿಗೂ ಸುಲಭ, ಒಲ್ಲೆ ಎನ್ನುವವನಿಗೂ ಸುಲಭ. ಒಲ್ಲೆ ಎಂದರೆ ಮುಖ ಊದಿಸಿಕೊಳ್ಳಬೇಡಿ, ಮತ್ತೊಬ್ಬರನ್ನು ಕೇಳಿ. ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟುವುದೂ ಸರಿಯಲ್ಲ. ನಡೆಯಲು ಒಬ್ಬ, ತಾಲೂಕು ಆಸ್ಪತ್ರೆಗೆ ಜೊತೆ ಬರಲು ಇನ್ನೊಬ್ಬ ಇರಲಿ.

ಹೆಣ್ಣುಮಕ್ಕಳ ಪಾಡು ಬೇರೆ. ರೊಟ್ಟಿ, ನೀರು, ಮಕ್ಕಳು ಎಂದು ಅವರಿಗೆ ಬಿಡುವೇ ಸಿಗುವುದಿಲ್ಲ. ಇಲ್ಲಿ ಓಣಿಯ ಇಬ್ಬರು ಗೆಳತಿಯರು ಮುಯ್ಯಿ ಮಾಡಿಕೊಳ್ಳಬಹುದು. ಒಬ್ಬಾಕೆ ಅಡ್ಡಾಡಿ ಬರುವವರೆಗೆ ಇನ್ನೊಬ್ಬಾಕೆ ಎರಡೂ ಮನೆಯ ಮಕ್ಕಳನ್ನು ನೋಡಿಕೊಳ್ಳಲಿ. ಮನೆಯ ಗಂಡಸರು ಈ ಅರ್ಧ ತಾಸಿಗೆ ಲೆಕ್ಕ ಕೇಳದಿದ್ದರೆ ಅದೇ ದೊಡ್ಡ ಸಹಾಯ.

ತಂಬಾಕು ಬಿಡುವವರು ಇನ್ನೊಂದು ಕಷ್ಟದ ಮಾತು ಹೇಳಬೇಕಾಗುತ್ತದೆ. ಚಹಾದಂಗಡಿಯ ಕಟ್ಟೆಯ ಮೇಲೆ ಪ್ರೀತಿಯಿಂದ ಸುಣ್ಣ ತಿಕ್ಕಿ ಅಂಗೈ ಮುಂದೆ ಚಾಚುವವನೂ ಗೆಳೆಯನೇ. ಅವನಿಗೆ ‘ನಾನು ಕೇಳಿದರೂ ನನಗೆ ಕೊಡಬೇಡ’ ಎಂದು ಮೊದಲೇ ಹೇಳಿಡಿ. ಚಟ ಬಿಟ್ಟ ಮೊದಲ ಎರಡು ಮೂರು ವಾರ ಸಿಡಿಮಿಡಿ, ನಿದ್ದೆಗೆಡುವುದು ಸಹಜ. ಆ ದಿನಗಳಲ್ಲಿ ನೀವು ರೇಗಿದರೆ ತಾಳಿಕೊಳ್ಳುವಂತೆಯೂ ಅವನನ್ನು ಕೇಳಿಕೊಳ್ಳಿ.

ಗುಡ್ಡಕ್ಕೆ ಹೊರಡುವ ಮುನ್ನ

ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರಿಗೆ ತೋರಿಸದೆ ಏರು ಹತ್ತಬಾರದು. ಎರಡು ಮೂರು ತಿಂಗಳು ಮೊದಲೇ ಸಮತಟ್ಟು ದಾರಿಯಲ್ಲಿ ರೂಢಿ ಮಾಡಿಕೊಳ್ಳಿ. ಮಾತಾಡುತ್ತ ನಡೆಯಲು ಆಗಬೇಕು. ಮಾತು ತಡವರಿಸಿದರೆ ವೇಗ ಹೆಚ್ಚಾಯಿತೆಂದು ಅರ್ಥ. ಇದಕ್ಕೂ ಜೊತೆಗಾರ ಬೇಕೇ ಬೇಕಲ್ಲ! ಮೊಣಕಾಲಿಗೆ ಏರಿಗಿಂತ ಇಳಿಜಾರು ಹೆಚ್ಚು ತ್ರಾಸು ಕೊಡುತ್ತದೆ. ಹತ್ತುವುದು ನಿಮ್ಮ ಹರಕೆಯಾಗಿದ್ದರೆ ಹತ್ತಿ, ಇಳಿಯುವಾಗ ಬಸ್ಸಿಗೆ ಬನ್ನಿ. ದೇವಿ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಮಧುಮೇಹಿಗಳು ಬರಿಗಾಲಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಕಾದ ಡಾಂಬರಿನಿಂದ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ, ಆ ಬೊಬ್ಬೆಯೇ ಹುಣ್ಣಾಗಿ ಕಾಲಿಗೆ ಸಂಚಕಾರ ತಂದೀತು. ದಾರಿಯಲ್ಲಿ ಕೂತಾಗ ಅಂಗಾಲನ್ನು ನೋಡಲು ಗೆಳೆಯನಿಗೆ ಹೇಳಿ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಗುಳಿಗೆ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ಹೊರಡಬೇಡಿ. ನಡುವೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು ಎಂಬುದನ್ನು ಜೊತೆಗಾರನಿಗೆ ಮೊದಲೇ ಕಲಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಆಗ, ಅಥವಾ ಎದೆ ಹಿಂಡಿದಂತಾಗಿ ನೋವು ಎಡಗೈಗೆ ಇಳಿದರೆ, ಅಲ್ಲೇ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಸಕ್ಕರೆಯ ಪೊಟ್ಟಣ, ಗುಳಿಗೆಯ ಚೀಟಿ, ಮನೆಯ ಫೋನ್ ನಂಬರು ಗೆಳೆಯನ ಕಿಸೆಯಲ್ಲಿಯೂ ಒಂದೊಂದು ಇರಲಿ.