ಕಾಯಿಸಿದ ನೀರಿಗೆ ಕಾವಲು ಯಾರು?

ಬೆಂಗಳೂರಿನ ದಕ್ಷಿಣಕ್ಕೆ, ಉತ್ತರಹಳ್ಳಿಯ ನೆರೆಯಲ್ಲಿರುವ ಸುಬ್ರಹ್ಮಣ್ಯಪುರವು ಒಂದು ಕಾಲಕ್ಕೆ ಕೆರೆಯ ಬದಿಯ ಹಳ್ಳಿ. ಇಂದು ಅದು ನಗರದೊಳಗೆ ಸೇರಿಹೋಗಿದೆ. ನಲ್ಲಿಯ ನೀರು, ಕೊಳವೆಬಾವಿಯ ನೀರು, ಟ್ಯಾಂಕರಿನ ನೀರು, ಹೀಗೆ ಮನೆಗೊಂದು ಬಗೆ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೊಡನೆ ನಾವು ಒಂದು ಭಾನುವಾರ ಇಲ್ಲಿ ಮನೆಮನೆಗೂ ಹೋದೆವು. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚೆಂಬುದು ನಮಗೆ ತಿಳಿದದ್ದು ಅಂದು.

“ಅಜ್ಜಿ, ನೀರು ಕಾಯಿಸಿ ಕುಡಿಯುತ್ತೀರಾ?” ಎಂದು ನಮ್ಮ ಹುಡುಗನೊಬ್ಬ ಕೇಳಿದ.

“ಕಾಯಿಸ್ದೆ ಕುಡೀತೀವೇನಪ್ಪಾ? ಮೊಮ್ಮಗೂಗೆ ಮೇಲಿಂದ ಮೇಲೆ ಭೇದಿ ಆಗುತ್ತೆ” ಎಂದರು ಆಕೆ.

ಹುಡುಗ ಪುಸ್ತಕದಲ್ಲಿ ‘ಹೌದು’ ಎಂದು ಬರೆದುಕೊಂಡ. ಹೊರಗೆ ಬಂದಮೇಲೆ ಅವನಿಗೊಂದು ಸಂದೇಹ: “ಸಾರ್, ಬೆಂಗಳೂರಿನಲ್ಲಿ ನೀರು ನೂರು ಡಿಗ್ರಿಗೆ ಮುಂಚೆಯೇ ಕುದಿಯುತ್ತದಲ್ಲವೆ? ಕ್ರಿಮಿಗಳು ಉಳಿದುಬಿಟ್ಟರೆ?”

ಪ್ರಶ್ನೆ ಭೌತವಿಜ್ಞಾನದ್ದು, ನಮಗೆ ಸಂತೋಷವಾಯಿತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೇಲೇರಿದಂತೆ ವಾಯುವಿನ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದರೆ ನೀರು ಕಡಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಇಲ್ಲಿ ಅದು ಸುಮಾರು 97 ಡಿಗ್ರಿ ಸೆಲ್ಸಿಯಸ್. ಆದರೆ ಭಯಪಡಬೇಕಾದುದಿಲ್ಲ. ನೀರಿನಿಂದ ಹರಡುವ ಸಾಮಾನ್ಯ ರೋಗಾಣುಗಳು ಕುದಿಯುವುದಕ್ಕೆ ಮೊದಲೇ ನಾಶ ಹೊಂದುತ್ತವೆ. ನೀರು ತಳಮಳಿಸಿ ಕುದಿಯಿತೆಂದರೆ ಒಲೆಯ ಕೆಲಸ ಮುಗಿಯಿತು.

ಹಾಗಾದರೆ ತಪ್ಪು ಎಲ್ಲಿ? ನಾವು ಮತ್ತೆ ಒಳಗೆ ಹೋಗಿ, ಕುಡಿಯಲು ನೀರು ಕೇಳಿದೆವು. ಅಜ್ಜಿ ಆರಿದ ನೀರಿದ್ದ ಅಗಲಬಾಯಿಯ ಪಾತ್ರೆಯ ಮುಚ್ಚಳ ಸರಿಸಿ, ಲೋಟವನ್ನು ಅದ್ದಿ ಮೊಗೆದುಕೊಟ್ಟರು. ಬೆರಳುಗಳು ನೀರಿನಲ್ಲಿ ಮುಳುಗಿದವು.

ನಾವು ತಂದಿದ್ದ ಪರೀಕ್ಷಾಮಾತ್ರೆಯನ್ನು ನಲ್ಲಿಯ ನೀರಿಗೆ ಹಾಕಿದಾಗ ನಸುಗೆಂಪು ಬಣ್ಣ ಮೂಡಿತು. ಅದು ಕ್ಲೋರಿನ್ ಇರುವುದರ ಗುರುತು. ಪಾತ್ರೆಯ ನೀರಿಗೆ ಹಾಕಿದಾಗ ಬಣ್ಣವೇ ಬರಲಿಲ್ಲ. ವಾಚಕರು ಇದನ್ನು ಗಮನಿಸಬೇಕು. ಸರಬರಾಜಿನ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ದಾರಿಯಲ್ಲಿ ಹೊಸದಾಗಿ ರೋಗಾಣು ಸೇರಿದರೆ ಅದನ್ನು ಎದುರಿಸುವ ಕಾವಲುಗಾರ ಅದು. ಕುದಿಸಿದಾಗ ರೋಗಾಣುವಿನೊಡನೆ ಈ ಕಾವಲುಗಾರನೂ ಹೊರಟುಹೋಗುತ್ತಾನೆ. ಕಾಯಿಸಿದ ನೀರು ಶುದ್ಧವೇ ಹೌದು; ಆದರೆ ನಿರಾಯುಧ. ಅನಂತರ ಕೈ ತಾಗಿದರೆ ಅದನ್ನು ಕಾಯುವವರಿಲ್ಲ. ಮಗುವಿನ ಭೇದಿಗೆ ಇದೇ ಕಾರಣವೆಂದು ನಾವು ಹೇಳಲಾರೆವು. ರೋಗಕ್ಕೆ ಒಂದು ಬಾಗಿಲು ತೆರೆದಿತ್ತೆಂದು ಮಾತ್ರ ಹೇಳಬಲ್ಲೆವು.

ಮನೆಯೊಳಗೆ ಕಾಲಿಟ್ಟು ನೋಡಿದವನಿಗೇ ಇಂಥ ಬಾಗಿಲು ಕಾಣುತ್ತದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯಲ್ಲಿ ಕಾಲರಾ ಹಬ್ಬಿದಾಗ, ನೀರೇ ಮೂಲವೆಂದು ಜಾನ್ ಸ್ನೋ ವಾದಿಸಿದನು. ಅದನ್ನು ಮೊದಲು ನಂಬದಿದ್ದ ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್, ತನಗೆ ಪರಿಚಿತವಾದ ಮನೆಗಳಲ್ಲಿ ವಿಚಾರಿಸುತ್ತ ಹೋಗಿ, ಕೊನೆಗೆ ಸ್ನೋನ ಮಾತನ್ನೇ ಸ್ಥಿರಪಡಿಸಿದನು.

ನಮ್ಮ ನಾಡಿನಲ್ಲಿಯೂ ಈ ಪಾಠವಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿದರು. ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರಿಗೆ ಚಿಕಿತ್ಸೆ ನೀಡಲು ಹೋದವರು, ಔಷಧವೊಂದೇ ಸಾಲದೆಂದು ಕಂಡು ಶಾಲೆಯನ್ನೂ ತೆರೆದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಈ ಸಂಸ್ಥೆಗೆ ಬಂದು ಸಮುದಾಯದ ಆರೋಗ್ಯವನ್ನು ಕಲಿತಿದ್ದಾರೆ. ಕಡಲು ದಾಟಿ ಬಂದವರಿಗೆ ತಾವು ಅಪರಿಚಿತರೆಂಬ ಅರಿವು ತಾನಾಗಿಯೇ ಇರುತ್ತದೆ. ಆದುದರಿಂದ ಕೇಳಿ ತಿಳಿಯುತ್ತಾರೆ. ನಾವಾದರೋ ಅದೇ ಊರಿನವರು, ಅದೇ ಭಾಷೆಯವರು. ಎಲ್ಲ ಬಲ್ಲೆವೆಂದುಕೊಂಡು ಹೊರಟಿದ್ದೆವು.

ಕಡೆಗೆ ಅಜ್ಜಿಗೆ ಉದ್ದ ಹಿಡಿಯ ಸೌಟೊಂದನ್ನು ಬಳಸಲು ಹೇಳಿದೆವು. “ಅದನ್ನ ನೆಲದ ಮೇಲಿಟ್ರೆ ಮತ್ತೆ ಅದೇ ಕಥೆ ಅಲ್ವೇನಪ್ಪಾ?” ಎಂದು ಆಕೆಯೇ ಕೇಳಿ, ಗೋಡೆಯ ಮೊಳೆಗೆ ಅದನ್ನು ತೂಗುಹಾಕಿದರು. ನಮಗೆ ಹೊಳೆಯದ ಮಾತು ಅದು!

ಮರುವಾರ ವಿದ್ಯಾರ್ಥಿಗಳ ಪುಸ್ತಕದಲ್ಲಿ ‘ಕಾಯಿಸುತ್ತೀರಾ?’ ಎಂಬುದರ ಕೆಳಗೆ ಹೊಸದೊಂದು ಪ್ರಶ್ನೆ ಸೇರಿತ್ತು: ‘ನೀರನ್ನು ಹೇಗೆ ಮೊಗೆಯುತ್ತೀರಿ, ತೋರಿಸುವಿರಾ?’