ಕಚ್ಚಿಕೊಂಡ ಬ್ರೇಕ್ ಡಿಸ್ಕನ್ನು ಬಿಡಿಸುವ ಬಗೆ

೧೨ನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಮೊದಲಾದವರು ತಮ್ಮ ಕಾಯಕದ ಹೆಸರಿನಿಂದಲೇ ಪ್ರಸಿದ್ಧರಾದರು. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲ. ಆದುದರಿಂದ ವಾಹನದ ಗಾಲಿಯ ಬಳಿ ಕುಳಿತು ಮಾಡುವ ಒಂದು ಕೆಲಸವನ್ನು ಇಲ್ಲಿ ವಿಚಾರಿಸುವುದು ಅನುಚಿತವಾಗಲಾರದು. ಪಯಣಿಗರ ಪ್ರಾಣವು ಆ ಕೆಲಸವನ್ನು ನಂಬಿಕೊಂಡಿರುತ್ತದೆ.

ಕಾರಿನ ಮುಂಗಾಲಿಯ ಒಳಬದಿಯಲ್ಲಿ ಎರಕದ ಕಬ್ಬಿಣದ ತಟ್ಟೆಯೊಂದು ತಿರುಗುತ್ತಿರುತ್ತದೆ. ಇದೇ ಬ್ರೇಕ್ ಡಿಸ್ಕ್. ಕ್ಯಾಲಿಪರಿನೊಳಗಿನ ಪ್ಯಾಡುಗಳು ಇದನ್ನು ಎರಡು ಕಡೆಯಿಂದಲೂ ಅದುಮಿದಾಗ ವಾಹನ ನಿಲ್ಲುತ್ತದೆ. ಸವೆದ ಡಿಸ್ಕನ್ನು ಕಳಚುವಾಗ ಎರಡು ತೊಡಕುಗಳುಂಟು. ಡಿಸ್ಕಿಗೂ ಅದು ಕುಳಿತಿರುವ ಹಬ್‌ಗೂ ನಡುವೆ ತುಕ್ಕು ಬೆಳೆದು ಎರಡನ್ನೂ ಬೆಸೆದಂತೆ ಮಾಡುವುದು ಒಂದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದೇ ಇದಕ್ಕೆ ಕಾರಣ. ಹಲವು ಜಪಾನೀ ಕಾರುಗಳಲ್ಲಿ ಡಿಸ್ಕನ್ನು ಹಿಡಿದಿರುವ ಚಿಕ್ಕ ಸ್ಕ್ರೂ ಇನ್ನೊಂದು. ಸಾಮಾನ್ಯ ತಿರುಪುಳಿಯಿಂದ ಹಟ ಹಿಡಿದು ತಿರುಗಿಸಿದರೆ ಅದರ ತಲೆಯ ಗೀರು ಸವೆದುಹೋಗುತ್ತದೆ.

ಮೊದಲು ಸಮನೆಲದಲ್ಲಿ ಹಿಂಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು. ಜಾಕಿಯು ಎತ್ತುವುದಕ್ಕಷ್ಟೆ, ಭಾರವನ್ನು ಹೊರಲು ಗಟ್ಟಿಯಾದ ಸ್ಟ್ಯಾಂಡು ಬೇಕು. ಗಾಲಿಯನ್ನು ತೆಗೆದು, ಕ್ಯಾಲಿಪರನ್ನು ಬಿಚ್ಚಿ ತಂತಿಯಿಂದ ಕಟ್ಟಬೇಕಲ್ಲದೆ ಅದರ ರಬ್ಬರ್ ಕೊಳವೆಯ ಮೇಲೆ ಜೋತಾಡಲು ಬಿಡಬಾರದು.

ಆಮೇಲೆ ಸ್ಕ್ರೂವಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು ಕಾಯಬೇಕು. ಗೀರು ಇನ್ನೂ ತುಸು ಉಳಿದಿದ್ದರೆ ಇಂಪ್ಯಾಕ್ಟ್ ಡ್ರೈವರ್ ನೆರವಾಗುತ್ತದೆ. ಅದು ಸುತ್ತಿಗೆಯ ಪೆಟ್ಟನ್ನೇ ತಿರುಚುವ ಬಲವನ್ನಾಗಿ ಮಾರ್ಪಡಿಸುತ್ತದೆ. ಗೀರು ಪೂರ್ಣ ಹಾಳಾಗಿದ್ದರೆ ಕಣ್ಣಿಗೆ ಕನ್ನಡಕ ಧರಿಸಿ, ತಲೆಯ ನಡುವೆ ಗುರುತು ಮಾಡಿ, ಸ್ಕ್ರೂವಿನ ದಂಡಕ್ಕಿಂತ ತುಸು ದಪ್ಪನಾದ ಬೈರಿಗೆಯಿಂದ ತಲೆಯನ್ನಷ್ಟೇ ಕೊರೆದು ಬೇರ್ಪಡಿಸಬೇಕು. ಇದಕ್ಕೆ ಅಂಜಬೇಕಾಗಿಲ್ಲ. ಡಿಸ್ಕನ್ನು ಓಡಾಟದಲ್ಲಿ ಬಿಗಿದು ಹಿಡಿಯುವುವು ಗಾಲಿಯ ನಟ್ಟುಗಳೇ. ಈ ಸ್ಕ್ರೂ ಜೋಡಣೆಯ ಕಾಲದ ಆಸರೆ ಮಾತ್ರ. ಡಿಸ್ಕು ಹೊರಬಂದ ಮೇಲೆ ಉಳಿದ ದಂಡವನ್ನು ಇಕ್ಕಳದಿಂದ ಹಿಡಿದು ತಿರುಗಿಸಿ ತೆಗೆಯಬಹುದು.

ಕಚ್ಚಿಕೊಂಡ ಡಿಸ್ಕನ್ನು ಬಿಡಿಸಲು ಅನೇಕ ಡಿಸ್ಕುಗಳಲ್ಲಿಯೇ ತಿರುಪುಳ್ಳ ಎರಡು ರಂಧ್ರಗಳಿರುತ್ತವೆ. ಸಾಮಾನ್ಯವಾಗಿ ೮ ಮಿಲಿಮೀಟರಿನ ಬೋಲ್ಟುಗಳನ್ನು ಅವುಗಳಲ್ಲಿ ತೂರಿಸಿ ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿದರೆ ಡಿಸ್ಕು ಹಬ್‌ನಿಂದ ಸಮನಾಗಿ ಮೇಲೇಳುತ್ತದೆ. ರಂಧ್ರಗಳಿಲ್ಲದಿದ್ದರೆ ಡಿಸ್ಕನ್ನು ತಿರುಗಿಸುತ್ತ ಸುತ್ತಲೂ ಸುತ್ತಿಗೆಯಿಂದ ಬಡಿಯಬೇಕು. ಅದು ಥಟ್ಟನೆ ಕಳಚಿ ಬೀಳದಂತೆ ಗಾಲಿಯ ನಟ್ಟುಗಳನ್ನು ಸಡಿಲವಾಗಿ ತೊಡಿಸಿರಬೇಕು. ಮತ್ತೆ ಬಳಸುವ ಡಿಸ್ಕಾದರೆ ಪ್ಯಾಡು ಉಜ್ಜುವ ಮುಖಕ್ಕೆ ಪೆಟ್ಟು ತಗಲಬಾರದು.

ಡಿಸ್ಕು ಬಂದಿತೆಂದು ಕೆಲಸ ಮುಗಿಯದು. ಹಬ್‌ನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಪೂರ್ಣ ತೊಡೆಯದಿದ್ದರೆ ಹೊಸ ಡಿಸ್ಕು ಓರೆಯಾಗಿ ಕುಳಿತು, ಕೆಲವು ಕಾಲದ ಮೇಲೆ ಬ್ರೇಕ್ ಪೆಡಲು ಕಾಲಡಿಯಲ್ಲಿ ಅದುರತೊಡಗುತ್ತದೆ. ಎಡಬಲಗಳ ಡಿಸ್ಕುಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಹೊಸ ಡಿಸ್ಕಿನ ರಕ್ಷಣೆಯ ಎಣ್ಣೆಯನ್ನು ಒರೆಸಿ ತೆಗೆಯಬೇಕು. ಎಲ್ಲವನ್ನೂ ಜೋಡಿಸಿದ ಬಳಿಕ ಗಾಡಿ ಕದಲುವ ಮುನ್ನವೇ ಪೆಡಲನ್ನು ಗಟ್ಟಿಯಾಗುವವರೆಗೂ ಹಲವು ಬಾರಿ ಒತ್ತಬೇಕು. ಹಿಂದಕ್ಕೆ ಸರಿಸಿದ ಪಿಸ್ಟನ್ನುಗಳು ಪ್ಯಾಡುಗಳನ್ನು ಇನ್ನೂ ಮುಟ್ಟಿರುವುದಿಲ್ಲ. ಇದನ್ನು ಮರೆತು ಹೊರಟವನ ಮೊದಲ ಒತ್ತಿಗೆ ಗಾಡಿ ನಿಲ್ಲದೆ ಹೋಗಬಹುದು.

ಯಾರೂ ನೋಡದ ಹಬ್‌ನ ಮೇಲಿನ ತುಕ್ಕನ್ನು ತೊಡೆಯುವವನೂ ಕಾಯಕಜೀವಿಯೇ. ಗಾಡಿ ಹತ್ತುವವರು ಅವನ ಹೆಸರನ್ನು ಅರಿಯರು. ಆದರೂ ಇಳಿಜಾರಿನ ತಿರುವಿನಲ್ಲಿ ಅವನ ಶ್ರದ್ಧೆಯೇ ಅವರನ್ನು ಕಾಯುತ್ತದೆ.