ಕತೆ ಬರೆಯೋರು ಕ್ಯೂಸೆಕ್ ಲೆಕ್ಕವನ್ನೂ ಓದಬೇಕು

ಕತೆಗೆ ಅನುಭವ ಸಾಕು, ಅಂಕಿಅಂಶ ಪತ್ರಕರ್ತರಿಗಿರಲಿ ಅನ್ನೋ ಮಾತು ಆಗಾಗ ಕೇಳಿಬರುತ್ತದೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ಯಾಕೆ ಅಂತ ನೋಡಿ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಪ್ರವಾಹವನ್ನೇ ತೆಗೆದುಕೊಳ್ಳೋಣ. ನೆರೆಯ ಕತೆ ಎಂದರೆ ಧೋ ಎಂದು ಸುರಿಯುವ ಮಳೆಯಿಂದಲೇ ಶುರುವಾಗಬೇಕು ಅನ್ನೋ ರೂಢಿ ನಮಗಿದೆ. ಆದರೆ ಇಲ್ಲಿ ಕೃಷ್ಣೆ ಉಕ್ಕುವುದು ಹೆಚ್ಚಾಗಿ ಮಹಾಬಳೇಶ್ವರ, ಕೊಯ್ನಾ ಕಡೆ ಘಟ್ಟದಲ್ಲಿ ಬಿದ್ದ ಮಳೆಗೆ. ರಾಯಬಾಗದಲ್ಲಿ ಬಿಸಿಲಿದ್ದರೂ ಕುಡಚಿ ಸೇತುವೆ ಮುಳುಗಬಹುದು. 1 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 1 ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ನೀರಾವರಿ ವರದಿ ಓದಿದ ಕತೆಗಾರ್ತಿ ಮಳೆಯನ್ನು ಬಿಟ್ಟು, ಬಿಸಿಲಲ್ಲಿ ನಿಂತು ಫೋನಿನಲ್ಲಿ "ಎಷ್ಟು ಬಿಟ್ಟಾರ?" ಎಂದು ಕೇಳುವ ರೈತನಿಂದ ಆರಂಭಿಸಬಲ್ಲಳು. ಎಮ್ಮೆ ಬಿಚ್ಚಬೇಕೋ, ಇನ್ನೊಂದು ರಾತ್ರಿ ಕಾಯಬೇಕೋ? ಕತೆ ಇರುವುದು ಆ ನಿರ್ಧಾರದಲ್ಲಿ.

ನಿಪ್ಪಾಣಿಗೆ ಬನ್ನಿ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕೂತರು. ಶರದ್ ಜೋಶಿ ನೇತೃತ್ವ ವಹಿಸಿದರು. ಏಪ್ರಿಲ್ 6ರಂದು ಗೋಲಿಬಾರ್ ನಡೆದು ರೈತರು ಸತ್ತರು. ಅದೇ ಊರಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಕಳಪೆ ಎಂದು ತೆಗೆದಿಟ್ಟ ಬೀಡಿ ಲೆಕ್ಕಕ್ಕಿಲ್ಲ. ಚಳವಳಿಯ ಇತಿಹಾಸ, ಕಾರ್ಮಿಕರ ವೇತನದ ವರದಿ ಎರಡನ್ನೂ ಓದಿದವರಿಗೆ ಒಂದು ಪ್ರಶ್ನೆ ಹುಟ್ಟುತ್ತದೆ: ತಂಬಾಕು ಬೆಳೆಯುವ ಅಣ್ಣ, ಬೀಡಿ ಕಟ್ಟುವ ತಂಗಿ ಒಂದೇ ಮನೆಯಲ್ಲಿದ್ದರೆ, ತಂಬಾಕಿನ ಬೆಲೆ ಏರಿದ ದಿನ ಊಟಕ್ಕೆ ಕೂತಾಗ ಏನು ಮಾತಾಡುತ್ತಾರೆ? ಇಂಥ ಪ್ರಶ್ನೆ ಬರೀ ಕಲ್ಪನೆಯಿಂದ ಸಿಗುವುದು ಕಷ್ಟ.

ಇದು ಹೊಸ ದಾರಿಯೇನಲ್ಲ. ಈಗಿನ ಕಾಗವಾಡ ತಾಲೂಕಿನ ಶೇಡಬಾಳದ ಮಿರ್ಜಿ ಅಣ್ಣಾರಾಯರು 'ನಿಸರ್ಗ' ಕಾದಂಬರಿ ಬರೆದರು, 'ಜೈನಧರ್ಮ' ಎಂಬ ವಿದ್ವತ್ ಗ್ರಂಥವನ್ನೂ ಬರೆದರು. ಗಡಿಭಾಗದ ಜೈನ ಒಕ್ಕಲು ಮನೆಗಳನ್ನು ಕಾದಂಬರಿಗೆ ತಂದವರು ಆ ಧರ್ಮದ ಶಾಸ್ತ್ರವನ್ನೂ ಓದಿಕೊಂಡಿದ್ದರು.

ಹಾಗಂತ ಓದಿದ್ದನ್ನೆಲ್ಲ ಪುಟಕ್ಕೆ ಸುರಿದರೆ ಕತೆ ವರದಿಯಾಗಿಬಿಡುತ್ತದೆ. ಪಾತ್ರಕ್ಕೆ ಗೊತ್ತಿರುವಷ್ಟೇ ಓದುಗರಿಗೂ ಗೊತ್ತಾಗಲಿ. ಉಳಿದದ್ದು ಬರೆಯುವವರ ತಲೆಯಲ್ಲಿರಲಿ. ಇನ್ನೊಂದು ಎಚ್ಚರವೂ ಬೇಕು. 1884ರ ಬೆಳಗಾವಿ ಗೆಜೆಟಿಯರಿನಲ್ಲಿ ಬೆಳೆ, ಕಂದಾಯ, ಜಾತಿಗಳ ವಿವರ ಇದೆ. ಆದರೆ ಅದನ್ನು ಬರೆಸಿದ್ದು ವಸಾಹತು ಸರ್ಕಾರ. ಕಂದಾಯ ಕಟ್ಟಲಾಗದವನ ಹೆಂಡತಿ ಏನಂದಳು ಎಂಬುದು ಅಲ್ಲಿಲ್ಲ. ಕತೆಗಾರರಿಗೆ ಕೆಲಸ ಇರುವುದೇ ಅಲ್ಲಿ.

1981ರಲ್ಲಿ ಹೆದ್ದಾರಿಯಲ್ಲಿ ಕೂತಿದ್ದ ಇಪ್ಪತ್ತರ ಹುಡುಗರು ಈಗ ಅರವತ್ತು ದಾಟಿದ್ದಾರೆ. ಅವರ ಮುಂದೆ ಕೂತು "ಆಗ ಏನಾಯ್ತು?" ಅಂದರೆ ನಾಲ್ಕು ಮಾತಲ್ಲಿ ಮುಗಿಸಬಹುದು. ಓದಿಕೊಂಡು ಹೋಗಿ, "ಆ ಮಾಲು ಕಡೀಕ ಯಾರಿಗೆ ಮಾರಿದ್ರಿ?" ಎಂದು ಕೇಳಿ ನೋಡಿ. ಮಾತು ಬೇರೆಯೇ ಆಗುತ್ತದೆ.